ಅಕ್ಕಿಯ ಬಾಗಿಲಿನಿಂದ ವಿಯೆಟ್ನಾಮಿಗೆ

ಯಶವಂತಪುರ, ಮತ್ತಿಕೆರೆ, ಮಲ್ಲೇಶ್ವರದ ಕಡೆ ಪ್ರವಾಸ ಏರ್ಪಡಿಸುವವರ ಕರಪತ್ರಗಳಲ್ಲಿ ಸಿಂಗಪುರ, ಬ್ಯಾಂಕಾಕ್‌ಗಳ ಪಕ್ಕದಲ್ಲಿ ಈಗ ವಿಯೆಟ್ನಾಮಿನ ಹೆಸರೂ ಬಂದು ಕೂತಿದೆ. ಹನೋಯಿ, ಹಾಲಾಂಗ್ ಕೊಲ್ಲಿ, ದಾನಾಂಗ್, ಇನ್ನೂ ಸೈಗಾನ್ ಎಂದೇ ಜನರ ಬಾಯಲ್ಲಿರುವ ಹೋ ಚಿ ಮಿನ್ ಸಿಟಿ. ಊರುಗಳ ಪಟ್ಟಿ ಅತ್ತಿತ್ತ ಆದೀತು, ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ: ಮಧ್ಯಾಹ್ನ, ರಾತ್ರಿ ಭಾರತೀಯ ಊಟ. ಆ ಒಂದು ಸಾಲು ನೋಡಿಯೇ ಎಷ್ಟೋ ಮನೆಗಳಲ್ಲಿ ಹಿರಿಯರು ಹೊರಡಲು ಒಪ್ಪುತ್ತಾರೆ. ಸಾಲದ್ದಕ್ಕೆ ಸೂಟ್‌ಕೇಸಿನ ಮೂಲೆಯಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಕ್ಕುಲಿ, ಬಿಸಿನೀರು ಸುರಿದರೆ ಉಪ್ಪಿಟ್ಟಾಗುವ ಪೊಟ್ಟಣ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಹುಟ್ಟಿದಂದಿನಿಂದ ಮಾಂಸ ಮುಟ್ಟದವರು ಭಾಷೆ ತಿಳಿಯದ ನಾಡಿನಲ್ಲಿ ತಟ್ಟೆಯ ಮುಂದೆ ಕೂತಾಗ ಹುಟ್ಟುವ ಆತಂಕ ನಿಜವಾದದ್ದು. ನಾನೂ ಮೊಟ್ಟೆಯವರೆಗೆ ಮಾತ್ರ ಬಂದಿರುವ ಸಸ್ಯಾಹಾರಿ, ಆ ಆತಂಕ ಗೊತ್ತು. ಆದರೂ ಹನೋಯಿಯ ಹಳೇ ಪೇಟೆಯಲ್ಲಿ ಕೂತು ಪನೀರ್ ಬಟರ್ ಮಸಾಲ, ತಂದೂರಿ ರೊಟ್ಟಿ ತಿಂದು ಎದ್ದುಬರುವ ನಮ್ಮವರನ್ನು ಕಂಡಾಗ ಸಂಕಟವಾಗುತ್ತದೆ. ಆ ಊಟ ವಿಯೆಟ್ನಾಮಿನದೂ ಅಲ್ಲ, ತುಮಕೂರು, ಹಾಸನ, ಉಡುಪಿಯ ಮನೆಗಳಲ್ಲಿ ಬೆಳೆದವರ ನಾಲಗೆಯದೂ ಅಲ್ಲ. ಅಕ್ಕಿ, ತೆಂಗು, ಹುಣಸೆ, ಬೆಲ್ಲ, ಬಾಳೆ ಎಲೆ, ಹಲಸು, ಸೊಪ್ಪು, ಕಾಫಿ, ಮೆಣಸು. ನಮ್ಮ ಅಡುಗೆಮನೆ ಯಾವುದರ ಮೇಲೆ ನಿಂತಿದೆಯೋ ಅದರ ಮೇಲೆಯೇ ಆ ನಾಡಿನ ಅಡುಗೆಮನೆಯೂ ನಿಂತಿದೆ. ದೆಹಲಿಯ ಢಾಬಾಕ್ಕಿಂತ ಹುಯೇ ಪಟ್ಟಣದ ಬೀದಿ ಅಂಗಡಿ ಕನ್ನಡಿಗನಿಗೆ ಹತ್ತಿರ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಹೋಗುವ ದಾರಿಯಂತೂ ಈಗ ಸಲೀಸು. 2023ರ ಆಗಸ್ಟ್‌ನಿಂದ ವಿಯೆಟ್ನಾಂ 90 ದಿನಗಳ ಇ-ವೀಸಾ ಕೊಡುತ್ತಿದೆ. 2025ರಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹನೋಯಿಗೂ ಹೋ ಚಿ ಮಿನ್ ಸಿಟಿಗೂ ನೇರ ವಿಮಾನ ಶುರುವಾಯಿತು. ಯಶವಂತಪುರದಲ್ಲಿ ರೈಲು ಹತ್ತಿ ಕಾರವಾರ ತಲುಪುವ ಅರ್ಧ ಹೊತ್ತಿಗೆ ಸೈಗಾನಿನಲ್ಲಿ ಇಳಿದಿರಬಹುದು. 2019ರಲ್ಲಿ ಸುಮಾರು 1.7 ಲಕ್ಷ ಭಾರತೀಯರು ಆ ದೇಶಕ್ಕೆ ಹೋಗಿದ್ದರೆ 2024ರಲ್ಲಿ ಆ ಸಂಖ್ಯೆ 5 ಲಕ್ಷ ಮುಟ್ಟಿತು. ಅಷ್ಟು ಜನ ಹೋಗಿ ಅಷ್ಟೂ ಜನ ಪನೀರು ತಿಂದು ಬರಬಾರದು.

ಒರಳಿನಿಂದ ಬಟ್ಟಲಿಗೆ

ಹನೋಯಿಯ ಪಶ್ಚಿಮ ಅಂಚಿನಲ್ಲಿ ಫೂ ದೋ ಎಂಬ ಹಳ್ಳಿಯಿತ್ತು, ಈಗ ನಗರ ಅದನ್ನು ಒಳಗೆ ಹಾಕಿಕೊಂಡಿದೆ. ತಲೆಮಾರುಗಳಿಂದ ರಾಜಧಾನಿಗೆ ಬುನ್ ಒದಗಿಸುವುದು ಅಲ್ಲಿನವರ ಕಸುಬು. ಬುನ್ ಎಂದರೆ ಅಕ್ಕಿ ಶ್ಯಾವಿಗೆ. ಅಕ್ಕಿ ನೆನೆಸಿ, ನೀರು ಬಿಟ್ಟು ನುಣ್ಣಗೆ ಬೀಸುತ್ತಾರೆ. ಹಿಟ್ಟನ್ನು ತುಸು ಹುಳಿಯಲು ಬಿಟ್ಟು, ಭಾರ ಹೇರಿ ನೀರು ಬಸಿದು, ಅರೆಬೇಯಿಸಿ ನಾದುತ್ತಾರೆ. ಆಮೇಲೆ ತೂತಿನ ಅಚ್ಚಿನಿಂದ ನೇರ ಕುದಿಯುವ ನೀರಿಗೆ ಒತ್ತುತ್ತಾರೆ. ಎಳೆ ಮೇಲೆ ತೇಲಿತೋ, ಬಾಚಿ ತಣ್ಣೀರಲ್ಲಿ ಜಾಲಿಸಿ ಬುಟ್ಟಿಗೆ.

ಹಳೇ ಮೈಸೂರಿನ ಕಡೆ, ಮಲೆನಾಡಿನಲ್ಲಿ, ಕರಾವಳಿಯಲ್ಲಿ ಒತ್ತು ಶ್ಯಾವಿಗೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಹಿಟ್ಟು ಮಗುಚಿ, ಉಂಡೆ ಕಟ್ಟಿ, ಉಂಡೆ ಬೇಯಿಸಿ, ಬಿಸಿ ಆರುವ ಮೊದಲು ಶ್ಯಾವಿಗೆ ಒರಳಿಗೆ ಹಾಕಿ ಒತ್ತುತ್ತೇವೆ. ಅವರು ಒತ್ತಿ ಬೇಯಿಸುತ್ತಾರೆ. ಆ ಒಂದು ಹಿಂದುಮುಂದಿನಿಂದ ಎಳೆಯ ಗುಣವೇ ಬೇರೆಯಾಗುತ್ತದೆ. ನಮ್ಮದು ಮೆತ್ತಗೆ, ಕೈಯಲ್ಲಿ ಮುರಿದು ಕಾಯಿಹಾಲು ಬೆಲ್ಲದಲ್ಲಿ ಅದ್ದುವಂತೆ ಇರುತ್ತದೆ. ಅವರದು ಜಾರುತ್ತದೆ, ಹೊಳೆಯುತ್ತದೆ, ಸಾರಿನಲ್ಲಿ ಬಿದ್ದರೂ ಕರಗುವುದಿಲ್ಲ. ಒಂದರಲ್ಲಿ ಪಳಗಿದ ನಾಲಗೆಗೆ ಇನ್ನೊಂದು ಮೊದಲ ತುತ್ತಿಗೇ ಒಲಿಯುತ್ತದೆ.

ನನಗೆ ಹನೋಯಿಯಲ್ಲಿ ತುಂಬ ಪ್ರಿಯವಾದದ್ದು ಬುನ್ ದೌ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಬಿದಿರಿನ ಮೊರ, ಮೊರದ ಮೇಲೆ ಬಾಳೆ ಎಲೆ. ಎಲೆಯ ಮೇಲೆ ಅಂಟಿಸಿ ಬಿಲ್ಲೆ ಮಾಡಿ ಕತ್ತರಿಯಲ್ಲಿ ಕತ್ತರಿಸಿದ ಶ್ಯಾವಿಗೆ, ಆಗಷ್ಟೇ ಎಣ್ಣೆಯಿಂದ ತೆಗೆದ ತೋಫು, ಸೌತೆಕಾಯಿ, ಒಂದು ಹಿಡಿ ಹಸಿ ಸೊಪ್ಪು. ತೋಫುವಿನ ಹೊರಮೈ ಗರಿಗರಿ, ಕಚ್ಚಿದರೆ ಒಳಗೆ ಹಾಲಿನ ಕೆನೆಯಷ್ಟು ಮೃದು. ಬೆಂಗಳೂರಿನ ಸೂಪರ್ ಮಾರುಕಟ್ಟೆಯಲ್ಲಿ ನೀರಿನ ಡಬ್ಬಿಯಲ್ಲಿ ಸಿಗುವ ತೋಫು ತಿಂದು ಬೇಸತ್ತವರು ಇದನ್ನು ಒಮ್ಮೆ ತಿನ್ನಬೇಕು. ಜೊತೆಗೆ ಬರುವ ಸಿಗಡಿಯ ನೇರಳೆ ಬಣ್ಣದ ಗೊಜ್ಜು ನಮಗೆ ಒಗ್ಗದು, ವಾಸನೆಯೂ ಜೋರು. ಅದು ಬೇಡವೆಂದರೆ ಸೋಯಾ ಸಾಸ್ ಅಥವಾ ಉಪ್ಪು, ಮೆಣಸು, ನಿಂಬೆರಸ ಬೆರೆಸಿದ ಪುಟ್ಟ ಬಟ್ಟಲು ಬರುತ್ತದೆ. ಅದರಲ್ಲಿ ಅದ್ದಿ ಶ್ಯಾವಿಗೆ, ತೋಫು, ಸೊಪ್ಪು ಮೂರನ್ನೂ ಒಟ್ಟಿಗೆ ಬಾಯಿಗಿಟ್ಟರೆ ಹೊಟ್ಟೆ ತುಂಬಿದ್ದು ಗೊತ್ತಾಗುವುದೇ ಇಲ್ಲ.

ಮಾಂಸ ತಿನ್ನುವವರಿಗೆ, ಸುಟ್ಟ ಹಂದಿ ಮಾಂಸದ ಜೊತೆ ಶ್ಯಾವಿಗೆ ಕೊಡುವ ಬುನ್ ಛಾ ಇದೆ. 2016ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಹನೋಯಿಯ ಒಂದು ಅಂಗಡಿಯಲ್ಲಿ ಇಂಥದ್ದೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬಾಣಸಿಗ, ಟಿವಿ ನಿರೂಪಕ ಆಂಥನಿ ಬೋರ್ಡೈನ್ ಜೊತೆ ಅದನ್ನು ತಿಂದ ಮೇಲೆ ಆ ಅಂಗಡಿ ಲೋಕಪ್ರಸಿದ್ಧವಾಯಿತು. ಮೀನು ತಿನ್ನುವ ಕರಾವಳಿಯವರು ಛಾ ಕಾ ಬಿಡಬಾರದು. ಅರಿಸಿನ ಹಚ್ಚಿದ ಮೀನಿನ ತುಂಡನ್ನು ಮೇಜಿನ ಮೇಲೆಯೇ ಬಾಣಲೆಯಲ್ಲಿ ಹುರಿದು, ಅದರ ಮೇಲೆ ಸಬ್ಬಸಿಗೆ ಸೊಪ್ಪನ್ನು ಹೊರೆಗಟ್ಟಲೆ ಸುರಿದು ಬಾಡಿಸುತ್ತಾರೆ. ಅಕ್ಕಿರೊಟ್ಟಿಗೂ ವಡೆಗೂ ಸಬ್ಬಸಿಗೆ ಹಾಕುವ ನಮಗೆ ಆ ಪರಿಮಳ ಆರೇಳು ಮೇಜು ಆಚೆಯಿಂದಲೇ ಗುರುತು ಸಿಗುತ್ತದೆ. ಕೆಲವೆಡೆ ತೋಫುವಿನಲ್ಲೂ ಮಾಡಿಕೊಡುತ್ತಾರೆ.

ಎಲ್ಲರೂ ಹೆಸರು ಕೇಳಿರುವ ಫೊ ವಯಸ್ಸಿನಲ್ಲಿ ಚಿಕ್ಕದು, ಇಪ್ಪತ್ತನೇ ಶತಮಾನದ ಆರಂಭದ್ದು. ಅಲ್ಲಿನ ರೈತನಿಗೆ ದನ ಎಂದರೆ ಉಳುಮೆಯ ಜೀವ. ಫ್ರೆಂಚರು ಬಂದು ದನದ ಮಾಂಸದ ಬಳಕೆ ಹೆಚ್ಚಿದಾಗ ಉಳಿದ ಮೂಳೆ ಸಾರಿಗೆ ಬಂತು, ಆ ಸಾರಿಗೆ ಅಗಲ ಅಕ್ಕಿ ಎಳೆ ಸೇರಿತು. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ದಕ್ಷಿಣಕ್ಕೆ ಗುಳೆ ಹೋದವರ ಜೊತೆ ಫೊ ಕೂಡ ಹೋಯಿತು. ಸೈಗಾನಿನವರು ಅದಕ್ಕೆ ತುಳಸಿಯ ಜಾತಿಯ ಸೊಪ್ಪು, ಹೆಸರುಕಾಳಿನ ಮೊಳಕೆ, ಸಿಹಿ ಸಾಸು ಸೇರಿಸಿದರು. ಹನೋಯಿಯವರಿಗೆ ಅದು ಇಂದಿಗೂ ಸಹಿಸದ ವಿಷಯ. ದಾವಣಗೆರೆಯಲ್ಲಿ ಬೆಣ್ಣೆದೋಸೆಯ ಬಗ್ಗೆ ಮಾತೆತ್ತಿದಷ್ಟೇ ಎಚ್ಚರಿಕೆಯಿಂದ ಅಲ್ಲಿ ಫೊ ಬಗ್ಗೆ ಮಾತಾಡಬೇಕು.

ಸೈಗಾನಿನ ಇನ್ನೊಂದು ಹೆಮ್ಮೆ ಕೋಮ್ ತಾಮ್. ನುಚ್ಚಕ್ಕಿ ಅನ್ನ, ಬೇರೇನಿಲ್ಲ. ಗಿರಣಿಯಲ್ಲಿ ಮುರಿದ, ಮಾರಾಟವಾಗದ ಅಕ್ಕಿಯನ್ನು ಬಡವರು ಬೇಯಿಸಿ ಉಣ್ಣುತ್ತಿದ್ದರು. ಇಂದು ಅದನ್ನೇ ಹುಡುಕಿಕೊಂಡು ಹೋಗಿ, ಇಡೀ ಅಕ್ಕಿಗಿಂತ ರುಚಿ ಎಂದು ತಿನ್ನುತ್ತಾರೆ. ವಿಯೆಟ್ನಾಮಿನ ಎಷ್ಟೋ ತಿನಿಸಿನ ಹಿಂದೆ ಕೊರತೆಯ ಕಥೆಯಿದೆ. 1945ರ ಬರಗಾಲದಲ್ಲಿ ಉತ್ತರದಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತರು. ಅಮೆರಿಕದ ಜೊತೆಗಿನ ಯುದ್ಧ ಮುಗಿದ ಮೇಲೂ ವರ್ಷಾನುಗಟ್ಟಲೆ ಪಡಿತರದ ಚೀಟಿ ಹಿಡಿದು ನಿಂತರು. 1986ರಲ್ಲಿ ಆರ್ಥಿಕ ನೀತಿ ಬದಲಾಗಿ, ಮೂರೇ ವರ್ಷದಲ್ಲಿ, 1989ಕ್ಕೆ, ಹೊರಗಿಂದ ಅಕ್ಕಿ ತರಿಸುತ್ತಿದ್ದ ದೇಶ ಹೊರಗೆ ಅಕ್ಕಿ ಮಾರತೊಡಗಿತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತೆಂದು ನಮ್ಮ ಎಂಟಿಆರ್ ಹೇಳಿಕೊಳ್ಳುತ್ತದಲ್ಲ, ಆ ಬಗೆಯ ಜಾಣ್ಮೆ ಆ ನಾಡಿನ ಬೀದಿಬೀದಿಯಲ್ಲಿದೆ.

ಪಾಂಡುರಂಗದ ಪಡ್ಡು

ದಕ್ಷಿಣದ ಕಡಲತೀರದಲ್ಲಿ ಫಾನ್ ರಂಗ್ ಎಂಬ ಊರಿದೆ. ಪ್ರವಾಸದ ತಂಡಗಳು ಅಷ್ಟಾಗಿ ಹೋಗುವುದಿಲ್ಲ. ಬಿಸಿಲು ಜಾಸ್ತಿ, ಮಳೆ ಕಡಿಮೆ, ನಮ್ಮ ಚಳ್ಳಕೆರೆ ಸೀಮೆಯಂಥ ಒಣ ನೆಲ, ಪಕ್ಕದಲ್ಲೇ ಸಮುದ್ರ. ಚಂಪಾ ರಾಜ್ಯದ ದಕ್ಷಿಣ ಸಂಸ್ಥಾನ ಇಲ್ಲಿತ್ತು, ಅದರ ಹೆಸರು ಪಾಂಡುರಂಗ. ಹದಿನೈದು ಶತಮಾನಗಳಷ್ಟು ಕಾಲ ಈ ಕರಾವಳಿಯನ್ನು ಆಳಿದ ಚಾಮ್ ಅರಸರಲ್ಲಿ ಹಲವರು ಶೈವರು. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಎಂಬ ಅರಸ ಮಿ ಸೋನ್ ಕಣಿವೆಯಲ್ಲಿ ಭದ್ರೇಶ್ವರನನ್ನು ಪ್ರತಿಷ್ಠಾಪಿಸಿದ. ಆ ಗುಡಿಗಳ ಸಮೂಹ 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ 2020ರ ಮೇ ತಿಂಗಳಲ್ಲಿ ಒಂಬತ್ತನೇ ಶತಮಾನದ ಏಕಶಿಲಾ ಶಿವಲಿಂಗ ಮಣ್ಣಿನಿಂದ ಮೇಲೆ ಬಂತು.

ಚಾಮ್ ಜನ ಇಂದಿಗೂ ಫಾನ್ ರಂಗ್ ಸುತ್ತ ಇದ್ದಾರೆ. ಅವರಲ್ಲಿ ಹಿಂದೂ ಆಚರಣೆಯನ್ನು ಉಳಿಸಿಕೊಂಡವರು ದನದ ಮಾಂಸ ತಿನ್ನುವುದಿಲ್ಲ, ವರ್ಷಕ್ಕೊಮ್ಮೆ ಇಟ್ಟಿಗೆಯ ಗೋಪುರಗಳಲ್ಲಿ ಕಾತೆ ಹಬ್ಬ ಮಾಡುತ್ತಾರೆ. ಹತ್ತಿರದ ಬಾವ್ ಟ್ರುಕ್ ಎಂಬ ಹಳ್ಳಿಯಲ್ಲಿ ಹೆಂಗಸರು ಚಕ್ರವಿಲ್ಲದೆ, ಮಡಕೆಯ ಸುತ್ತ ತಾವೇ ಸುತ್ತುತ್ತ ಮಣ್ಣಿನ ಪಾತ್ರೆ ಮಾಡುತ್ತಾರೆ. ಈ ಚಾಮ್ ಕುಂಬಾರಿಕೆಯನ್ನು 2022ರಲ್ಲಿ ಯುನೆಸ್ಕೊ ತುರ್ತಾಗಿ ಉಳಿಸಬೇಕಾದ ಪರಂಪರೆ ಎಂದು ಗುರುತಿಸಿತು. ಅವರು ಮಾಡುವ ಪಾತ್ರೆಗಳಲ್ಲಿ ಒಂದು, ಬಾನ್ ಕಾನ್ ಎಂಬ ಅಕ್ಕಿಯ ತಿನಿಸು ಬೇಯಿಸುವ ಮಣ್ಣಿನ ಒಲೆ ಮತ್ತು ಗುಳಿಗಳು.

ಬೆಳಗಿನ ಹೊತ್ತು ರಸ್ತೆ ಬದಿಯಲ್ಲಿ ಬಾನ್ ಕಾನ್ ಬೇಯಿಸುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೆಳಗೆ ಇದ್ದಿಲ ಕೆಂಡ, ಮೇಲೆ ವೃತ್ತಾಕಾರದಲ್ಲಿ ಜೋಡಿಸಿದ ಸಣ್ಣ ಸಣ್ಣ ಮಣ್ಣಿನ ಬಟ್ಟಲು, ಪ್ರತಿ ಬಟ್ಟಲಿಗೂ ಒಂದೊಂದು ಮಣ್ಣಿನ ಮುಚ್ಚಳ. ಅಂಗಡಿಯಾಕೆ ನೆನೆಸಿ ಬೀಸಿದ ತೆಳ್ಳನೆಯ ಅಕ್ಕಿ ಹಿಟ್ಟನ್ನು ಸೌಟಿನಲ್ಲಿ ಸಾಲಾಗಿ ಸುರಿಯುತ್ತ ಹೋಗುತ್ತಾಳೆ. ಕೊನೆಯ ಗುಳಿಗೆ ಸುರಿಯುವಷ್ಟರಲ್ಲಿ ಮೊದಲನೆಯದರ ಅಂಚು ಬಿಳುಪೇರಿರುತ್ತದೆ. ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಬರೀ ಈರುಳ್ಳಿ ಸೊಪ್ಪು. ಮುಚ್ಚಳ ತೆಗೆದಾಗ ಬೆಂದ ಅಕ್ಕಿಯ, ಕಾದ ಮಣ್ಣಿನ ವಾಸನೆ ಒಟ್ಟಿಗೆ ಏಳುತ್ತದೆ. ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ತಳ ಹೊಂಬಣ್ಣಕ್ಕೆ ತಿರುಗಿ ಗರಿಯಾಗಿದೆ, ನೆತ್ತಿ ಇಡ್ಲಿಯಂತೆ ಮಿದು. ಎರಡೆರಡನ್ನು ಮುಖಕ್ಕೆ ಮುಖ ಸೇರಿಸಿ ತಟ್ಟೆಗಿಡುತ್ತಾಳೆ. ಪಡ್ಡು, ಗುಳಿಯಪ್ಪ, ಗುಂಡುಪೊಂಗಲು ಎಂದು ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರಿಂದ ಕರೆದು ತಿಂದು ಬೆಳೆದವರು ಆ ತಟ್ಟೆಯ ಮುಂದೆ ಮನೆಗೆ ಬಂದಷ್ಟು ನಿರಾಳವಾಗುತ್ತಾರೆ.

ಗುಳಿಯಲ್ಲಿ ಹಿಟ್ಟು ಸುರಿದು ಬೇಯಿಸುವ ಬುದ್ಧಿ ಅಕ್ಕಿ ಬೆಳೆಯುವ ಯಾವ ಜನಕ್ಕೂ ಹೊಳೆಯಬಹುದು, ಹಾಗಾಗಿ ಇದನ್ನು ಯಾವ ಸಂಬಂಧದ ಸಾಕ್ಷಿಯಾಗಿಯೂ ನಾನು ಮುಂದಿಡುವುದಿಲ್ಲ. ಆದರೆ ಕಡಲಾಚೆಯ ಒಡನಾಟ ಸುಳ್ಳಲ್ಲ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ನಮ್ಮ ಇಡ್ಲಿಯ ಹುದುಗು ಬರಿಸಿ ಹಬೆಯಲ್ಲಿ ಬೇಯಿಸುವ ವಿಧಾನವೇ ಇಂಡೋನೇಷ್ಯಾದಿಂದ ಅರಸರ ಬಾಣಸಿಗರ ಜೊತೆ ಬಂದಿರಬಹುದೆಂದು ಊಹಿಸಿದ್ದರು. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ, ಅದರಲ್ಲಿ ಅಕ್ಕಿ ಇತ್ತೆಂಬ ಸುಳಿವಿಲ್ಲ. ಅಚ್ಚಯ್ಯನವರ ಊಹೆಯನ್ನು ಒಪ್ಪದವರೂ ಇದ್ದಾರೆ. ಒಪ್ಪಲಿ, ಬಿಡಲಿ, ತುಮಕೂರು ರಸ್ತೆಯಲ್ಲಿ ಕ್ಯಾತ್ಸಂದ್ರದವರೆಗೆ ತಟ್ಟೆ ಇಡ್ಲಿಗಾಗಿ ಹೋಗುವ ಯಶವಂತಪುರದವರು ಹುಯೇಯಲ್ಲಿ ಅಂಗೈಯಗಲದ ಪಿಂಗಾಣಿ ಬಟ್ಟಲಲ್ಲಿ ಹಬೆಗಿಟ್ಟು ಬೇಯಿಸುವ ಬಾನ್ ಬೆಯೋ ತಿಂದು ನೋಡಬೇಕು. ಉದ್ದು ಇಲ್ಲ, ಉಬ್ಬುವುದಿಲ್ಲ, ಆದರೆ ನಾಲಗೆ ಅದನ್ನು ಪರಕೀಯ ಎನ್ನುವುದಿಲ್ಲ. ಮೇಲೆ ಸಾಮಾನ್ಯವಾಗಿ ಒಣ ಸಿಗಡಿ ಪುಡಿ ಉದುರಿಸುತ್ತಾರೆ, ಸಸ್ಯಾಹಾರದ ಅಂಗಡಿಯಲ್ಲಿ ಅದರ ಜಾಗಕ್ಕೆ ಹೆಸರುಬೇಳೆ.

ಹುಣ್ಣಿಮೆಯ ಊಟ

ಈಗ ಮುಖ್ಯ ಪ್ರಶ್ನೆ: ಸಸ್ಯಾಹಾರಿ ಅಲ್ಲಿ ನೆಮ್ಮದಿಯಿಂದ ಊಟ ಮಾಡಬಹುದೇ? ಮಾಡಬಹುದು, ಒಂದು ವಿಷಯ ತಿಳಿದಿದ್ದರೆ.

ವಿಯೆಟ್ನಾಮಿನ ಅಡುಗೆಯ ಉಪ್ಪು ಎಂದರೆ ನುಓಕ್ ಮಾಮ್, ಮೀನಿನ ರಸ. ಸಣ್ಣ ಮೀನು ಮೂರು ಪಾಲು, ಉಪ್ಪು ಒಂದು ಪಾಲು ಸೇರಿಸಿ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕಳಿಸಿ ಇಳಿಸಿದ ಕೆಂಪು ರಸ. ಫೂ ಕ್ವೋಕ್ ದ್ವೀಪದ್ದಕ್ಕೆ ಹೆಸರು ಹೆಚ್ಚು. ಬರೀ ಸೊಪ್ಪಿನ ಪಲ್ಯದಂತೆ ಕಾಣುವುದರಲ್ಲೂ ಅದಿರುತ್ತದೆ. ಮಾಂಸ ಬೇಡ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಮಾಂಸದ ತುಂಡು ತೆಗೆದುಕೊಡುತ್ತಾರೆ, ರಸ ಉಳಿಯುತ್ತದೆ. ಅವರ ಲೆಕ್ಕದಲ್ಲಿ ಅದರಲ್ಲಿ ತಪ್ಪಿಲ್ಲ. ಆದ್ದರಿಂದ ಮಾಂಸ ಬೇಡ ಎನ್ನುವ ಮಾತನ್ನೇ ಬಿಟ್ಟು 'ತೋಯ್ ಆನ್ ಚಾಯ್' ಎನ್ನಬೇಕು. ಚಾಯ್ ಎಂದರೆ ಬೌದ್ಧ ಭಕ್ತರ ಸಸ್ಯಾಹಾರ. ಅದರಲ್ಲಿ ಮೀನಿನ ರಸವೂ ಬರುವಂತಿಲ್ಲ, ಅದರ ಜಾಗಕ್ಕೆ ಸೋಯಾ ರಸ. ಆ ಭಾಷೆಯನ್ನು ಬರೆಯುವುದು ಇಂಗ್ಲಿಷಿನ ಅಕ್ಷರಗಳಲ್ಲೇ ಆದ್ದರಿಂದ ಅಂಗಡಿಯ ಫಲಕದಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಕಂಡರೆ ಧೈರ್ಯವಾಗಿ ಒಳಗೆ ಹೋಗಬಹುದು. ಸಂಪ್ರದಾಯಸ್ಥ ಚಾಯ್ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಗುಡಿಯ ಪಕ್ಕದ ಅಂಗಡಿಗಳಲ್ಲಿ ಇದನ್ನು ಪಾಲಿಸುವುದು ಹೆಚ್ಚು, ಆದರೂ ಕೇಳಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಮೊಟ್ಟೆ, ಹಾಲಿನ ವಿಷಯದಲ್ಲೂ ಹಾಗೆಯೇ.

ಇದರ ಜೊತೆಗೆ ಪಂಚಾಂಗ ನೋಡಿಕೊಂಡು ಹೊರಡಿ ಎನ್ನುತ್ತೇನೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಅಮಾವಾಸ್ಯೆಯ ಆಸುಪಾಸು ಮತ್ತು ಹುಣ್ಣಿಮೆ, ಅಲ್ಲಿ ಲಕ್ಷಾಂತರ ಜನ ಮಾಂಸ ಬಿಡುತ್ತಾರೆ. ಉಳಿದ ದಿನ ಹಂದಿ ಮಾಂಸ ಮಾರುವ ಅಂಗಡಿಯೇ ಆ ದಿನ ಚಾಯ್ ಫಲಕ ತಗಲಿಸುವುದುಂಟು. ಏಳನೇ ತಿಂಗಳ ಹುಣ್ಣಿಮೆಯ ವು ಲಾನ್ ಇನ್ನೂ ವಿಶೇಷ. ಸಾಮಾನ್ಯವಾಗಿ ಅದು ನಮ್ಮ ನೂಲು ಹುಣ್ಣಿಮೆಯ ಹೊತ್ತಿಗೆ ಬರುತ್ತದೆ. ತಂದೆತಾಯಿಗೆ ಕೃತಜ್ಞತೆ ಹೇಳುವ, ಪಿತೃಗಳನ್ನು ನೆನೆಯುವ ಆ ಕಾಲಕ್ಕೆ ಊರಿಗೆ ಊರೇ ಸಸ್ಯಾಹಾರದ ಕಡೆ ತಿರುಗುತ್ತದೆ. ಪಿತೃಪಕ್ಷ ಆಚರಿಸುವ ಮನೆಯಿಂದ ಹೋದವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

ಚಾಯ್ ಊಟಕ್ಕೆ ರಾಜಧಾನಿ ಹುಯೇ. 1802ರಿಂದ 1945ರವರೆಗೆ ನ್ಗುಯೆನ್ ವಂಶದ ಅರಸರು ಆಳಿದ ಪಟ್ಟಣ, ಬೌದ್ಧ ವಿಹಾರಗಳ ತವರು. ಜಗತ್ತಿಗೆಲ್ಲ ಗೊತ್ತಿದ್ದ ಭಿಕ್ಷು ತಿಕ್ ನ್ಯಾತ್ ಹಾನ್ ದೀಕ್ಷೆ ಪಡೆದದ್ದು ಇಲ್ಲಿನ ತು ಹಿಯೆವ್ ವಿಹಾರದಲ್ಲಿ, 2022ರ ಜನವರಿಯಲ್ಲಿ ಕಣ್ಣುಮುಚ್ಚಿದ್ದೂ ಅಲ್ಲೇ. ಅರಮನೆಯ ನಾಜೂಕು, ವಿಹಾರದ ಸಂಯಮ ಎರಡೂ ಇಲ್ಲಿನ ಅಡುಗೆಯಲ್ಲಿ ಸೇರಿವೆ. ತಟ್ಟೆಗೆ ಬರುವುದು ಪುಟ್ಟ ಪುಟ್ಟ ಪ್ರಮಾಣದಲ್ಲಿ, ಆದರೆ ಬಗೆ ಹಲವು. ಎಳೆ ಹಲಸಿನಕಾಯಿ ಬೇಯಿಸಿ ಕೈಯಲ್ಲಿ ಬಿಡಿಸಿ, ಹುರಿದ ಎಳ್ಳು, ಶೇಂಗಾ, ಪುದೀನ ಬೆರೆಸಿ ಅಕ್ಕಿ ಹಪ್ಪಳದ ಮೇಲಿಟ್ಟು ಕೊಡುವ ಕೋಸಂಬರಿಯನ್ನು ನಾನು ಮತ್ತೆ ಮತ್ತೆ ಕೇಳಿ ತಿಂದೆ. ಹಪ್ಪಳವನ್ನೇ ಚಮಚವಾಗಿ ಮುರಿದುಕೊಳ್ಳಬೇಕು. ಬಾಳೆಹೂವನ್ನು ಸಣ್ಣಗೆ ಹೆಚ್ಚಿ ನಿಂಬೆನೀರಲ್ಲಿ ನೆನೆಸಿ ಹಸಿಯಾಗಿಯೇ ಕಲಸುವುದು ಇನ್ನೊಂದು. ಬಾಳೆ ಕುಂಡಿಗೆಯನ್ನು ಪಲ್ಯ ಮಾಡಿ ಗೊತ್ತಿದ್ದ ನಮಗೆ ಅದರ ಹಸಿ ಗರಿಗರಿ ಹೊಸ ಸಂಗತಿ. ಹುಯೇಯವರು ಖಾರಪ್ರಿಯರು ಬೇರೆ, ಹಸಿಮೆಣಸಿನಕಾಯಿ ಕೇಳಿದರೆ ಸಂತೋಷದಿಂದ ತಂದಿಡುತ್ತಾರೆ.

ಇಲ್ಲಿಂದ ಹೊರಡುವವರು ಪಿಸುಮಾತಿನಲ್ಲಿ ಕೇಳುವ ಇನ್ನೊಂದು ಪ್ರಶ್ನೆ ನಾಯಿ ಮಾಂಸದ್ದು. ಉತ್ತರದಲ್ಲಿ ಅದನ್ನು ಮಾರುವ ಅಂಗಡಿಗಳಿವೆ. ಆದರೆ ಅವು ಅದಕ್ಕೆಂದೇ ಇರುವ ಅಂಗಡಿಗಳು, ಫಲಕ ಹಾಕಿಯೇ ಮಾರುತ್ತಾರೆ, ಬೇರೆ ಊಟದಲ್ಲಿ ಕದ್ದು ಬೆರೆಸುವ ವಸ್ತು ಅದಲ್ಲ. ಹೋಯಿ ಆನ್ ಪಟ್ಟಣ 2021ರಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಒಪ್ಪಂದಕ್ಕೆ ಸಹಿ ಹಾಕಿತು. ಆ ಭಯ ಇಟ್ಟುಕೊಂಡು ಊಟ ಬಿಡಬೇಕಾಗಿಲ್ಲ.

ಅಲ್ಲಿನ ಮಾರುಕಟ್ಟೆಗೆ ಒಮ್ಮೆಯಾದರೂ ಬೆಳಿಗ್ಗೆ ಹೋಗಿ ಸೊಪ್ಪಿನ ಸಾಲಿನಲ್ಲಿ ನಿಲ್ಲಬೇಕು. ಒಂದೆಲಗ ಅಲ್ಲಿ ರಾಶಿರಾಶಿ. ನಾವು ತಂಬುಳಿ ಮಾಡುವುದನ್ನು ಅವರು ರುಬ್ಬಿ, ಸೋಸಿ, ಸಕ್ಕರೆ ಹಾಕಿ ಹಸಿರು ಪಾನಕವಾಗಿ ರಸ್ತೆಯಲ್ಲಿ ಮಾರುತ್ತಾರೆ. ಬಿಸಿಲಲ್ಲಿ ಸುತ್ತುವವರಿಗೆ ಅದಕ್ಕಿಂತ ಒಳ್ಳೆಯ ಪಾನೀಯ ಇಲ್ಲ. ಬಸಳೆ ಇದೆ, ತಿಳಿಸಾರಿಗೆ ಹೋಗುತ್ತದೆ. ಹಿತ್ತಿಲ ಬೇಲಿಯಲ್ಲಿ ನಾವು ನೆಟ್ಟು ಮರೆತುಬಿಡುವ ಚಕ್ರಮುನಿ ಅಲ್ಲಿ ದಿನದ ಸೊಪ್ಪು. ಹಲಸಿನ ವಿಷಯದಲ್ಲಂತೂ ಕೊಡುಕೊಳ್ಳುವಿಕೆ ಆಗಲೇ ನಡೆದಿದೆ: ಬೇಗ ಫಲ ಕೊಡುವ 'ವಿಯೆಟ್ನಾಂ ಸೂಪರ್ ಅರ್ಲಿ' ಗಿಡಗಳನ್ನು ಪುತ್ತೂರು, ಕಾಸರಗೋಡಿನ ಕಡೆಯ ನರ್ಸರಿಗಳಲ್ಲಿ ಕೊಂಡು ನೆಟ್ಟವರು ಬಹಳ. ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆ ಹಲಸಿಗೆ ಮರ್ಯಾದೆ ತಂದುಕೊಡಲು ಎಷ್ಟೋ ವರ್ಷಗಳಿಂದ ದುಡಿದಿದೆ. ಅದರ ಓದುಗರು ವಿಯೆಟ್ನಾಮಿಗೆ ಹೋದರೆ ಹಲಸಿನ ಚಿಪ್ಸ್ ಹೇಗೆ ದೊಡ್ಡ ಉದ್ಯಮವಾಗುತ್ತದೆಂದು ಕಣ್ಣಾರೆ ನೋಡಿ ಬರಬಹುದು.

ಇಷ್ಟೆಲ್ಲ ಹೋಲಿಕೆ ಹೇಳಿದ ಮೇಲೆ ಹೋಲದ್ದನ್ನೂ ಹೇಳಬೇಕು. ಅಲ್ಲಿ ಒಗ್ಗರಣೆ ಇಲ್ಲ. ಸಾಸಿವೆ ಸಿಡಿಯುವುದಿಲ್ಲ, ಇಂಗು ಇಲ್ಲ, ಹುರಿದು ಅರೆದ ಮಸಾಲೆ ಅಪರೂಪ. ನಮ್ಮಲ್ಲಿ ರುಚಿ ಒಲೆಯ ಮೇಲೆ ಮುಗಿದಿರುತ್ತದೆ, ಅಲ್ಲಿ ಅರ್ಧ ರುಚಿ ಊಟಕ್ಕೆ ಕೂತ ಮೇಲೆ ಹುಟ್ಟುತ್ತದೆ. ಪುದೀನ, ಕೊತ್ತಂಬರಿ, ತುಳಸಿಯ ಜಾತಿ, ನೇರಳೆ ಬೆನ್ನಿನ ಪೆರಿಲ್ಲಾ ಎಲೆ, ನಿಂಬೆ, ಹಸಿಮೆಣಸು ಎಲ್ಲ ಮುಂದೆ ಇರುತ್ತವೆ. ಮುರಿದು, ಹರಿದು, ಹಿಂಡಿ ನಿಮ್ಮ ಬಟ್ಟಲನ್ನು ನೀವೇ ಪೂರ್ತಿ ಮಾಡಿಕೊಳ್ಳಬೇಕು. ನಮ್ಮವರು ಆ ಸೊಪ್ಪನ್ನು ಅಲಂಕಾರ ಎಂದು ಪಕ್ಕಕ್ಕೆ ಸರಿಸಿ, ಸಾರು ಸಪ್ಪೆ ಎಂದು ಚಟ್ನಿಪುಡಿ ಹುಡುಕುತ್ತಾರೆ. ಸೊಪ್ಪು ಸರಿಸಿದರೆ ಸಪ್ಪೆಯೇ.

ಎರಡು ಕಾಫಿನಾಡು

ಬಾಬಾ ಬುಡನ್ ಅವರ ಬೀಜದ ಕಥೆ ಹೇಳಿಕೊಂಡು ಬೆಳೆದ ನಾಡಿನವರು ವಿಯೆಟ್ನಾಮಿನ ಕಾಫಿಯನ್ನು ತಾತ್ಸಾರ ಮಾಡಲು ಬರುವುದಿಲ್ಲ. 1857ರಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿಗೆ ಕಾಫಿ ಗಿಡ ತಂದರು. ಬಹುಕಾಲ ಅದು ಸಣ್ಣ ಬೆಳೆಯಾಗಿಯೇ ಇತ್ತು. 1986ರ ನಂತರ ಬುವೋನ್ ಮಾ ಥುವೋತ್ ಸುತ್ತಲಿನ ಕೆಂಪು ಮಣ್ಣಿನ ಎತ್ತರದ ನೆಲದಲ್ಲಿ ರೊಬಸ್ಟಾ ತೋಟಗಳು ಎದ್ದವು. 2000ದ ಹೊತ್ತಿಗೆ ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದಾಯಿತು. ಆಮೇಲೆ ಬಂದ ಬೆಲೆ ಕುಸಿತ ಕೊಡಗು, ಚಿಕ್ಕಮಗಳೂರು, ಸಕಲೇಶಪುರದವರಿಗೆ ಚೆನ್ನಾಗಿ ನೆನಪಿದೆ. ಕಾಳುಮೆಣಸಿನಲ್ಲೂ ವಿಯೆಟ್ನಾಮೇ ಮೊದಲು. ಅಲ್ಲಿನ ಅಗ್ಗದ ಮೆಣಸು ಒಳಗೆ ಬಂದು ನಮ್ಮ ಬೆಳೆಗಾರರು ಕಂಗೆಟ್ಟಾಗ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಬೇಕಾಯಿತು. ನಮ್ಮ ಮಲೆನಾಡಿನ ಮನೆಗಳಲ್ಲಿ ಆ ದೇಶದ ಹೆಸರು ಊಟದ ಮಾತಿಗಿಂತ ಮೊದಲು ಮಾರುಕಟ್ಟೆಯ ಮಾತಿನಲ್ಲಿ ಬಂದದ್ದು ಹೀಗೆ.

ಅದಕ್ಕೇ ಕಾಫಿ ಬೆಳೆಗಾರರು ಹೋದರೆ ತೋಟ ನೋಡದೆ ಬರಬಾರದು. ಹೆಚ್ಚಿನ ಕಡೆ ನೆರಳು ಕಡಿಮೆ, ಬಿಸಿಲಿಗೆ ಒಡ್ಡಿದ ಗಿಡ, ಕೊಳವೆಬಾವಿಯ ನೀರು, ಹೆಚ್ಚು ಗೊಬ್ಬರ. ಎಕರೆಗೆ ಇಳುವರಿ ನಮ್ಮದರ ಎರಡು ಪಟ್ಟಿಗೂ ಮಿಗಿಲು. ಹಲಸು, ಅತ್ತಿ, ಸಿಲ್ವರ್ ಓಕ್ ನೆರಳಿನಲ್ಲಿ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ ಬೆಳೆಯುವ ನಮ್ಮ ತೋಟದಲ್ಲಿ ಹಕ್ಕಿಯೂ ಉಳಿದಿದೆ, ಮಣ್ಣೂ ಉಳಿದಿದೆ. ನಾನು ನಮ್ಮ ತೋಟದ ಪಕ್ಷ.

ಬಟ್ಟಲಿನ ವಿಷಯದಲ್ಲಿ ಪಕ್ಷ ಬೇಕಿಲ್ಲ. ನಮ್ಮ ಹಿತ್ತಾಳೆ ಫಿಲ್ಟರಿನ ಮೇಲಿನ ಅರ್ಧವನ್ನಷ್ಟೇ ಕತ್ತರಿಸಿ ಲೋಟದ ಬಾಯಿಗೆ ಕೂರಿಸಿದ ಹಾಗಿದೆ ಅವರ ಫಿನ್. ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಅದುಮಿ, ಬಿಸಿನೀರು ಹೊಯ್ದು ಕಾಯಬೇಕು. ಹನಿ ಹನಿಯಾಗಿ ನಾಲ್ಕೈದು ನಿಮಿಷ. ಕೆಳಗೆ ಲೋಟದ ತಳದಲ್ಲಿ ದಪ್ಪನೆಯ ಸಿಹಿ ಮಂದಗೊಳಿಸಿದ ಹಾಲು. ಬಿಸಿ ಹವೆಯಲ್ಲಿ ತಾಜಾ ಹಾಲು ಸಿಗುತ್ತಿರಲಿಲ್ಲ, ಡಬ್ಬಿಯ ಹಾಲು ಬಂತು, ಅದೇ ರೂಢಿಯಾಯಿತು. ನಾವು ನೊರೆಹಾಲು, ಚಿಕೋರಿಯಿಂದ ಡಿಕಾಕ್ಷನ್ನಿನ ಕಹಿಯನ್ನು ಪಳಗಿಸಿದರೆ, ಅವರು ಅದೇ ರೊಬಸ್ಟಾದ ಕಹಿಗೆ ಈ ಗಟ್ಟಿ ಸಿಹಿಯನ್ನು ಜೋಡಿಸಿದರು. ಹಾಲೇ ಸಿಗದ 1946ರಲ್ಲಿ ಹನೋಯಿಯ ಮೆಟ್ರೊಪೋಲ್ ಹೋಟೆಲಿನ ನ್ಗುಯೆನ್ ವಾನ್ ಜ್ಯಾಂಗ್ ಎಂಬಾತ ಮೊಟ್ಟೆಯ ಹಳದಿಯನ್ನು ಸಕ್ಕರೆ ಜೊತೆ ಕಡೆದು ನೊರೆ ಮಾಡಿ ಕಾಫಿಯ ಮೇಲೆ ಹೊದಿಸಿದರು. ಅವರ ಮನೆಯವರು ನಡೆಸುವ ಕೆಫೆ ಜ್ಯಾಂಗ್ ಇಂದಿಗೂ ಗಿಜಿಗುಡುತ್ತದೆ. ಪುಟ್ಟ ಬಟ್ಟಲನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟೇ ತಂದುಕೊಡುತ್ತಾರೆ, ಆರದಿರಲಿ ಎಂದು. ಮೊಟ್ಟೆಯ ವಾಸನೆ ಬರುವುದಿಲ್ಲ. ಮೊದಲು ಚಮಚದಲ್ಲಿ ನೊರೆ, ಆಮೇಲೆ ಅಡಿಯ ಕಾಫಿ.

ಯಶವಂತಪುರದ ಮನೆಯಲ್ಲಿ ಇದರಲ್ಲಿ ಎಷ್ಟನ್ನು ಮಾಡಿಕೊಳ್ಳಬಹುದು? ಸಾಕಷ್ಟು. ವಿಯೆಟ್ನಾಂ ನಮ್ಮ ಮಸಾಲೆ ಡಬ್ಬಿಗೆ ಎಂದೋ ಬಂದಿದೆ. ಅಂಗಡಿಯಲ್ಲಿ ಕೊಳ್ಳುವ ಚಕ್ಕೆಯ ಬಹುಪಾಲು ವಿಯೆಟ್ನಾಂ, ಚೀನಾ, ಇಂಡೋನೇಷ್ಯಾದಿಂದ ಬರುತ್ತದೆ. ಪುಲಾವಿಗೆ ಹಾಕುವ ಚಕ್ರಮೊಗ್ಗು ಕೂಡ ಹೊರಗಿನದು, ಹೆಚ್ಚಿನದು ವಿಯೆಟ್ನಾಂ, ಚೀನಾದ್ದು. ಈರುಳ್ಳಿ, ಶುಂಠಿಗೆ ಎಪಿಎಂಸಿ ಯಾರ್ಡ್ ಪಕ್ಕದಲ್ಲೇ ಇದೆ. ಅಕ್ಕಿ ಶ್ಯಾವಿಗೆಯ ಪೊಟ್ಟಣ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಇಷ್ಟಿದ್ದರೆ ಮನೆಯಲ್ಲೇ ಸಸ್ಯಾಹಾರದ ಫೊ ಮಾಡಬಹುದು.

ಎರಡು ದೊಡ್ಡ ಈರುಳ್ಳಿ, ಹೆಬ್ಬೆರಳುದ್ದದ ಶುಂಠಿಯನ್ನು ಬದನೆಕಾಯಿ ಸುಡುವಂತೆ ಒಲೆಯ ಉರಿಯಲ್ಲೇ ಸುಟ್ಟು ಕಪ್ಪು ಸಿಪ್ಪೆ ತೆಗೆಯಿರಿ. ಚಕ್ಕೆ, ಲವಂಗ, ಕೊತ್ತಂಬರಿ ಬೀಜ, ಚಕ್ರಮೊಗ್ಗನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ. ಇವನ್ನೆಲ್ಲ ಬಿಳಿ ಮೂಲಂಗಿ, ಕ್ಯಾರೆಟ್, ಎಲೆಕೋಸು, ಅಣಬೆಯ ತೊಟ್ಟು, ಜೋಳದ ತೆನೆಯ ತುಂಡಿನ ಜೊತೆ ಧಾರಾಳ ನೀರಿನಲ್ಲಿ ಒಂದು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ಕುಕ್ಕರ್ ಬೇಡ, ಸಾರು ಕದಡುತ್ತದೆ. ಸೋಸಿ, ಉಪ್ಪು, ಸೋಯಾ ರಸ, ಕಲ್ಲುಸಕ್ಕರೆಯ ಒಂದು ಚೂರು ಹಾಕಿ. ಬಟ್ಟಲಿಗೆ ಬಿಸಿನೀರಲ್ಲಿ ನೆನೆಸಿ ಬಸಿದ ಶ್ಯಾವಿಗೆ, ಹುರಿದ ತೋಫು ಅಥವಾ ಅಣಬೆ, ಹೆಸರುಕಾಳಿನ ಮೊಳಕೆ. ಮೇಲೆ ಕುದಿಯುವ ಸಾರು. ಚಕ್ರಮೊಗ್ಗು ಎರಡೇ ಸಾಕು, ಹೆಚ್ಚಾದರೆ ಪುಲಾವಿನ ವಾಸನೆ ಬರುತ್ತದೆ. ಪುದೀನ, ಕೊತ್ತಂಬರಿ, ಸಬ್ಬಸಿಗೆ, ಸಿಕ್ಕರೆ ಕಾಮಕಸ್ತೂರಿಯ ಎಳೆ ಎಲೆ, ನಿಂಬೆಹೋಳು, ಹಸಿಮೆಣಸಿನಕಾಯಿಯನ್ನು ಬೇರೆ ತಟ್ಟೆಯಲ್ಲಿಡಿ. ಹಾಕಿಕೊಳ್ಳುವುದು ಕೂತವರ ಕೆಲಸ.